ಮಗ್ಗುಲು ಹೊರಳಿಸುವ ಮಂಚ

ಆಷಾಢ ಶುಕ್ಲ ಏಕಾದಶಿಯಂದು ಕ್ಷೀರಸಾಗರದ ಶೇಷತಲ್ಪದಲ್ಲಿ ಯೋಗನಿದ್ರೆಗೆ ಸಂದ ಶ್ರೀಮನ್ನಾರಾಯಣನು ಕಾರ್ತಿಕಮಾಸದಲ್ಲಿಯೇ ಮತ್ತೆ ಏಳುವನೆಂಬುದು ನಮ್ಮ ಮನೆಗಳ ಹಿರಿಯರಿಗೆಲ್ಲ ತಿಳಿದ ಸಂಗತಿ. ಆದರೆ ಈ ನಾಲ್ಕು ತಿಂಗಳ ನಿದ್ರೆಯ ನಟ್ಟನಡುವೆ, ಭಾದ್ರಪದ ಶುಕ್ಲಪಕ್ಷದ ಪರಿವರ್ತಿನೀ ಏಕಾದಶಿಯಂದು, ಆತನು ಒಮ್ಮೆ ಮಗ್ಗುಲು ಬದಲಿಸುತ್ತಾನೆಂಬುದನ್ನು ಪಂಚಾಂಗವನ್ನು ನಿತ್ಯ ತಿರುವಿಹಾಕುವವರಲ್ಲದೆ ಬೇರೆಯವರು ಅಷ್ಟಾಗಿ ನೆನೆಯುವುದಿಲ್ಲ. ಜಗತ್ತನ್ನೇ ಹೊತ್ತವನಿಗೆ ಮಗ್ಗುಲು ನೋಯುವುದುಂಟೆ ಎಂದು ತಾರ್ಕಿಕರು ಕೇಳಬಹುದು. ಆ ಕಥೆಯನ್ನು ಕಟ್ಟಿದವರು ಮಾತ್ರ, ಬಹುಕಾಲ ಮಲಗಿರುವ ದೇಹವನ್ನು ಹತ್ತಿರದಿಂದ ಕಂಡವರಾಗಿದ್ದಿರಬೇಕೆಂದು ನನ್ನ ಊಹೆ.

ಶ್ರೋತೃಮಹಾಶಯರೇ, ಈ ಸಂಜೆ ನಾನು ಆರಿಸಿಕೊಂಡಿರುವ ವಿಷಯವು ಮಂಚ. ಅದೂ ಅರಮನೆಯ ಹಂಸತೂಲಿಕಾತಲ್ಪವಲ್ಲ, ತನ್ನ ಮೇಲೆ ಮಲಗಿದವನನ್ನು ತಾನೇ ಹೊರಳಿಸತಕ್ಕ ಆಸ್ಪತ್ರೆಯ ಮಂಚ. ಸ್ವಸ್ಥನಾದವನಿಗೆ ಇಂಥದೊಂದು ಯಂತ್ರ ಏತಕ್ಕೆಂಬುದೇ ಹೊಳೆಯಲಾರದು, ಏಕೆಂದರೆ ಆತನು ಒಂದೇ ರಾತ್ರಿಯಲ್ಲಿ ಎಷ್ಟೋ ಬಾರಿ ಹೊರಳಿರುತ್ತಾನೆ, ಬೆಳಗ್ಗೆ ಎದ್ದಾಗ ಅವುಗಳಲ್ಲಿ ಒಂದಾದರೂ ಆತನ ನೆನಪಿನಲ್ಲಿರುವುದಿಲ್ಲ. ದೇಹದ ಭಾರ ಬಂದು ಕೂತ ಎಡೆಯಲ್ಲಿ ರಕ್ತಸಂಚಾರವು ಕುಂದುತ್ತಲೂ ಅಲ್ಲಿಂದ ಸಣ್ಣದೊಂದು ನೋವು ಮಿದುಳಿಗೆ ಏರುತ್ತದೆ, ಮಿದುಳು ನಿದ್ರೆಯನ್ನು ಕೆಡಿಸದೆಯೇ ಸೊಂಟಕ್ಕೂ ಭುಜಕ್ಕೂ ಆಜ್ಞೆಯನ್ನು ಕಳುಹಿಸುತ್ತದೆ, ದೇಹ ಹೊರಳುತ್ತದೆ. ನೋವು ಏರಬೇಕಾದ ದಾರಿ ಕಡಿದುಹೋದವನೂ, ಆಜ್ಞೆ ಇಳಿಯಬೇಕಾದ ದಾರಿ ಕಡಿದುಹೋದವನೂ, ಎರಡು ದಾರಿಗಳೂ ನೆಟ್ಟಗಿದ್ದು ಜ್ವರದಿಂದಲೋ ಮುಪ್ಪಿನಿಂದಲೋ ಶಕ್ತಿಯೇ ಉಡುಗಿದವನೂ ಮಲಗಿಸಿದಂತೆಯೇ ಮಲಗಿರುತ್ತಾರೆ. ಮಗ್ಗುಲಾಗುವುದೆಂಬ ಈ ಅಲ್ಪಕಾರ್ಯವನ್ನು ಅವರಿಗೆ ಮತ್ತೊಬ್ಬರು ಮಾಡಿಕೊಡಬೇಕು.

ಮಾಡದೆ ಹೋದರೆ ಏನಾಗುತ್ತದೆ? ನಮ್ಮ ಚರ್ಮದೊಳಗಿನ ಅತಿಸೂಕ್ಷ್ಮ ರಕ್ತನಾಳಗಳ ಬಾಯಲ್ಲಿ ಇರತಕ್ಕ ಒತ್ತಡವು ಪಾದರಸದ ಕಂಬದ ಲೆಕ್ಕದಲ್ಲಿ ಸುಮಾರು 32 ಮಿಲಿಮೀಟರು ಮಾತ್ರವೆಂದು 1930ರಲ್ಲಿ ಲ್ಯಾಂಡಿಸ್ ಎಂಬ ಶರೀರವಿಜ್ಞಾನಿಯು ಉಗುರಿನ ಬುಡದ ನಾಳಗಳಲ್ಲಿ ಅಳೆದು ತೋರಿಸಿದನು. ಬೆನ್ನಿನ ಕೆಳತುದಿಯ ಮೂಳೆಯೂ, ತೊಡೆಮೂಳೆಯ ಹೊರಗುಬ್ಬೂ, ಹಿಮ್ಮಡಿಯೂ ಗಟ್ಟಿ ಹಾಸಿಗೆಗೆ ಒತ್ತಿದಾಗ ನಡುವೆ ಸಿಕ್ಕಿಕೊಂಡ ಮಾಂಸದ ಮೇಲೆ ಬೀಳುವ ಒತ್ತಡವು ಇದನ್ನು ಸುಲಭವಾಗಿ ಮೀರುತ್ತದೆ. ಕೋಸಿಯಾಕ್ ಎಂಬ ವೈದ್ಯನು 1959ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಮತ್ತೊಂದು ಅಂಶವೂ ಸ್ಪಷ್ಟವಾಯಿತು: ಅಧಿಕವಾದ ಒತ್ತಡ ಅಲ್ಪಕಾಲದಲ್ಲಿ ಮಾಡುವ ಹಾನಿಯನ್ನೇ ಅಲ್ಪವಾದ ಒತ್ತಡವು ದೀರ್ಘಕಾಲದಲ್ಲಿ ಮಾಡಬಲ್ಲದು. ಆದಕಾರಣ ಎಷ್ಟೇ ಮೆತ್ತಗಿನ ಹಾಸಿಗೆಯೂ ಹೊರಳಿಸುವ ಕೈಗೆ ಬದಲಾಗಲಾರದು. ಇನ್ನು ಹೀಗೆ ರಕ್ತ ತಪ್ಪಿದ ಮಾಂಸ ಸತ್ತು ಏಳುವ ಹಾಸಿಗೆ ಹುಣ್ಣಿನ ಕಪಟವೆಂದರೆ, ಅದು ಎಷ್ಟೋ ವೇಳೆ ಮೂಳೆಯ ಮಗ್ಗುಲಿನ ಮಾಂಸದಲ್ಲಿ ಹುಟ್ಟಿ ಬಹು ತಡವಾಗಿ ಚರ್ಮದ ಮೇಲೆ ಬಾಯಿ ಬಿಡುತ್ತದೆ. ಹೊರಗೆ ಕಾಸಿನಗಲದ ಗಾಯವಿದ್ದರೆ ಒಳಗೆ ಮುಷ್ಟಿ ಹಿಡಿಸುವ ಪೊಳ್ಳು ಇರಬಹುದು. ಒತ್ತಿದರೂ ಬಿಳುಪಾಗದ ಕೆಂಪು ಕಲೆಯೇ ಇದರ ಮೊದಲ ಲಕ್ಷಣವೆಂದು ಪುಸ್ತಕಗಳು ಹೇಳುತ್ತವೆ. ಆ ಪುಸ್ತಕಗಳನ್ನು ಬರೆದವರ ರೋಗಿಗಳು ಬಿಳಿಯರು. ಬಿಸಿಲಲ್ಲಿ ದುಡಿದು ಕಪ್ಪಾದ ನಮ್ಮ ರೈತನ ಬೆನ್ನಿನಲ್ಲಿ ಕೆಂಪು ಕಾಣುವುದು ದುರ್ಲಭ. ಅಲ್ಲಿ ಕಣ್ಣಿಗಿಂತ ಅಂಗೈಯನ್ನು ನಂಬಬೇಕು. ಸುತ್ತಲ ಚರ್ಮಕ್ಕಿಂತ ಬಿಸಿಯಾಗಿಯೋ, ತಣ್ಣಗೋ, ಗಟ್ಟಿಯಾಗಿಯೋ, ಜೊಂಡು ನೆಲದಂತೆ ಮೆತ್ತಗೋ ಕೈಗೆ ಸಿಕ್ಕಿದ ಜಾಗವನ್ನು ಆಗಲೇ ಭಾರದಿಂದ ಬಿಡಿಸಬೇಕು.

ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಹೀಗೆ ಮಲಗಿದವರು ಯಾರೆಂದು ಕೇಳಿದರೆ ಆ ಸೀಮೆಯ ಬಾಳುವೆಯ ಚಿತ್ರವೇ ಎದುರಿಗೆ ಬಂದು ನಿಲ್ಲುತ್ತದೆ. ಶಿವರಾತ್ರಿಯ ಆಚೀಚೆ ಹುಣಿಸೆಹಣ್ಣು ಬಡಿಯುವ ಕಾಲ ಬರುತ್ತದೆ. ದೋಟಿಗೆ ಎಟುಕದ ಕೊಂಬೆಗಳಿಗೆ ಹತ್ತಿ ಹೋಗಿ ಕಾಲಿನಿಂದ ಅಲುಗಿಸತಕ್ಕವನು, ಕೊಂಬೆ ಮುರಿದೋ ಕಾಲು ಜಾರಿಯೋ ಬಿದ್ದರೆ ಬೆನ್ನೆಲುಬೇ ಮೊದಲು ಪೆಟ್ಟು ತಿನ್ನುವುದು. ತೆಂಗಿನ ಮರದಿಂದ ಬಿದ್ದವನ ಗತಿಯೂ ಇದೇ. ಶಿರಾವನ್ನು ಹಾದುಹೋಗುವ ಹೆದ್ದಾರಿಯು ತನ್ನ ಪಾಲಿನವರನ್ನು ಕಳುಹಿಸಿಕೊಡುತ್ತದೆ. ಲಕ್ವ ಹೊಡೆದ ಮುದುಕರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಇವೆಲ್ಲಕ್ಕಿಂತ ಮೆಲ್ಲಗೆ, ಸದ್ದಿಲ್ಲದೆ ಬರುವುದು ನೀರಿನ ಪೆಟ್ಟು. ಆಳದ ಕೊಳವೆಬಾವಿಗಳಿಂದ ಮೇಲೆದ್ದ ಫ್ಲೋರೈಡಿನ ನೀರು, ವಿಶೇಷತಃ ಪಾವಗಡದ ಕಡೆ, ಮಕ್ಕಳ ಹಲ್ಲಿನಲ್ಲಿ ಕಂದುಗೆರೆಗಳನ್ನು ಎಳೆಯುವುದನ್ನು ಎಲ್ಲರೂ ಕಂಡಿದ್ದಾರೆ. ಲೀಟರಿಗೆ ಒಂದೂವರೆ ಮಿಲಿಗ್ರಾಮು ಮೀರಿದ ನೀರನ್ನು ಕುಡಿಯಬಾರದೆಂಬುದು ನಮ್ಮ ದೇಶದ ಕಟ್ಟಳೆ. ಅದನ್ನೇ ದಶಕಗಟ್ಟಲೆ ಕುಡಿದವರಲ್ಲಿ ಬೆನ್ನೆಲುಬಿನ ಕಟ್ಟುಗಳು ಮೂಳೆಯಾಗಿ ಬಿಗಿದು, ಬೆನ್ನುಹುರಿ ಸಾಗುವ ಕಾಲುವೆಯೇ ಇಕ್ಕಟ್ಟಾಗಿ, ಕೆಲವರಿಗೆ ಕಾಲಿನ ಶಕ್ತಿಯೇ ಹೋಗುತ್ತದೆ. ಇಂಥ ರೋಗವನ್ನು 1937ರಲ್ಲಿ ಶಾರ್ಟ್ ಮತ್ತು ಅವರ ಸಂಗಡಿಗರು ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಿ ಬರೆದರು. ಈಗ ಹಳ್ಳಿಹಳ್ಳಿಗೂ ಶುದ್ಧ ನೀರಿನ ಘಟಕ ಬಂದಿರುವುದು ಸಂತೋಷದ ಸಂಗತಿಯೇ ಸರಿ. ಆಗಲೇ ಮೂಳೆಗೆ ಇಳಿದುದನ್ನು ಮಾತ್ರ ಆ ನೀರು ತೊಳೆಯಲಾರದು.

ಮರದಿಂದ ಬಿದ್ದವನ ವಿಷಯದಲ್ಲಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದೆ ಮರೆತೇನು. ಆತನನ್ನು ತೋಳು ಕಾಲು ಹಿಡಿದು ಎತ್ತಿ ಆಟೋದಲ್ಲಿ ಕೂರಿಸಿಕೊಂಡು ಓಡುವುದು ನಮ್ಮ ಜನರ ದಯೆಗೆ ಸಾಕ್ಷಿ, ಆತನ ಬೆನ್ನುಹುರಿಗೆ ಶತ್ರು. ತಲೆ, ಭುಜ, ಸೊಂಟ, ಕಾಲುಗಳನ್ನು ನಾಲ್ಕು ಜನ ಒಂದೇ ಕಾಲಕ್ಕೆ ಹಿಡಿದು, ಬೆನ್ನು ಎಲ್ಲಿಯೂ ಬಾಗದಂತೆ ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಬೇಕು.

ಯಂತ್ರದ ಕಥೆಗೆ ಬರೋಣ. ಹಾಸಿಗೆ ಹುಣ್ಣಿಗೆ ಕಾರಣ ಯಾವುದೆಂಬ ವಿಷಯದಲ್ಲಿ ಹತ್ತೊಂಬತ್ತನೆಯ ಶತಮಾನದ ಪಂಡಿತರಲ್ಲಿ ಒಮ್ಮತವಿರಲಿಲ್ಲ. ನರ ಕೆಟ್ಟಮೇಲೆ ಮಾಂಸ ತಾನಾಗಿ ಕೊಳೆಯುತ್ತದೆ, ಮನುಷ್ಯಪ್ರಯತ್ನದಿಂದ ಫಲವಿಲ್ಲವೆಂದು ಪ್ಯಾರಿಸ್ಸಿನ ಶಾರ್ಕೋನಂಥ ಮಹಾವೈದ್ಯನೇ ನಂಬಿದ್ದನು. ಒತ್ತಡವನ್ನೂ ತೇವವನ್ನೂ ತಪ್ಪಿಸಿದರೆ ನರ ಕಡಿದ ಪ್ರಾಣಿಗಳಲ್ಲಿಯೂ ಹುಣ್ಣಾಗುವುದಿಲ್ಲವೆಂದು ಬ್ರೌನ್-ಸೆಕಾರ್ ಅದಕ್ಕೆ ಮುಂಚೆಯೇ ತೋರಿಸಿದ್ದರೂ ದೊಡ್ಡವನ ಮಾತೇ ಬಹುಕಾಲ ನಡೆಯಿತು. ಪಂಡಿತರ ವಾದ ಅತ್ತ ಇರಲಿ, ನೀಲ್ ಆರ್ನಟ್ ಎಂಬ ಸ್ಕಾಟ್ಲೆಂಡಿನ ವೈದ್ಯನು 1832ರಲ್ಲಿ ಒಂದು ತೊಟ್ಟಿಗೆ ನೀರು ತುಂಬಿ, ಮೇಲೆ ರಬ್ಬರು ಲೇಪಿಸಿದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ, ಅದರ ಮೇಲೆ ಹಾಸಿಗೆ ಹಾಸಿ ರೋಗಿಯನ್ನು ತೇಲಿಸಿದನು. ಆ ಉಪಾಯಕ್ಕೆ ಆತನು ಹಕ್ಕುಪತ್ರವನ್ನು ಬೇಕೆಂದೇ ಪಡೆಯಲಿಲ್ಲ, ಯಾರು ಬೇಕಾದರೂ ಮಾಡಿಕೊಳ್ಳಲೆಂದು ಬಿಟ್ಟನು. ಇಂದಿನ ಮಂಚಗಳ ಬೆಲೆಪಟ್ಟಿಯನ್ನು ಓದುವಾಗ ಈ ಪುಣ್ಯಾತ್ಮನು ನೆನಪಾಗುತ್ತಾನೆ.

ಮೊದಲನೆಯ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟು ತಿಂದ ಸೈನಿಕರಲ್ಲಿ ಬಹುಪಾಲು ಜನ, ಹುಣ್ಣಿನ ನಂಜಿನಿಂದಲೂ ಮೂತ್ರಕೋಶದ ನಂಜಿನಿಂದಲೂ, ಹೆಚ್ಚು ದಿನ ಬದುಕಲಿಲ್ಲ. ಎರಡನೆಯದು ಮುಗಿಯುವ ಮುಂಚೆ, 1944ರ ಫೆಬ್ರವರಿಯಲ್ಲಿ, ಹಿಟ್ಲರನ ದೇಶದಿಂದ ತಪ್ಪಿಸಿಕೊಂಡು ಬಂದಿದ್ದ ಯೆಹೂದಿ ವೈದ್ಯ ಲುಡ್ವಿಗ್ ಗುಟ್‌ಮನ್ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಇಂಥವರಿಗಾಗಿಯೇ ಒಂದು ವಿಭಾಗವನ್ನು ತೆರೆದನು. ಆತನ ಬಳಿ ಆಗ ವಿಶೇಷ ಯಂತ್ರವೇನೂ ಇರಲಿಲ್ಲ. ಹಗಲೂ ಇರುಳೂ ಎರಡು ಗಂಟೆಗೊಮ್ಮೆ ಪ್ರತಿಯೊಬ್ಬನನ್ನೂ ಹೊರಳಿಸತಕ್ಕದ್ದು ಎಂಬ ಕಟ್ಟಾಜ್ಞೆಯೊಂದಿತ್ತು. ಸಾಯುವರೆಂದು ಎಣಿಸಿದವರು ಬದುಕಿದರು. ಬದುಕಿದವರನ್ನು ಸುಮ್ಮನೆ ಕೂರಗೊಡದೆ 1948ರಲ್ಲಿ ಆತನು ಏರ್ಪಡಿಸಿದ ಬಿಲ್ಲುಗಾರಿಕೆಯ ಪಂದ್ಯವೇ ಇಂದಿನ ಪ್ಯಾರಾಲಿಂಪಿಕ್ಸಿನ ಮೂಲ. ಆ ಆಜ್ಞೆಯನ್ನು ನಡೆಸುವುದಕ್ಕೆ ಎಷ್ಟು ಜನ ಬೇಕು, ಅವರ ಸೊಂಟಗಳ ಗತಿ ಏನೆಂಬುದು ಅರಿವಾದಮೇಲೆ ಅದೇ ಆಸ್ಪತ್ರೆಯ ಹೆಸರಿನ ವಿದ್ಯುತ್ ಮಂಚ ಹುಟ್ಟಿತು. ಗುಂಡಿ ಒತ್ತಿದರೆ ಹಾಸಿಗೆಯ ಹಲಗೆಗಳು ಒಂದು ಬದಿಗೆ ಎದ್ದು ರೋಗಿಯು ಮೆಲ್ಲಗೆ ಓರೆಯಾಗುತ್ತಿದ್ದನು. ಅದಕ್ಕೆ ಮುಂಚೆಯೇ ಅಮೆರಿಕದಲ್ಲಿ ಹೋಮರ್ ಸ್ಟ್ರೈಕರ್ ಎಂಬ ಮೂಳೆವೈದ್ಯನು ಎರಡು ಕ್ಯಾನ್ವಾಸ್ ಚೌಕಟ್ಟುಗಳ ನಡುವೆ ರೋಗಿಯನ್ನು ಬಿಗಿದು, ಅಂಗಾತವಿದ್ದವನನ್ನು ಕ್ಷಣಮಾತ್ರದಲ್ಲಿ ಬೋರಲು ಮಾಡುವ ಸಾಧನವನ್ನು ಕಲ್ಪಿಸಿದ್ದನು. ಬೆನ್ನು ಬಾಗದಿದ್ದರೂ ಬಿದ್ದೇ ಹೋದೆನೆಂಬ ಭಯವು ರೋಗಿಗೆ ತಪ್ಪುತ್ತಿರಲಿಲ್ಲ. ಐರ್ಲೆಂಡಿನ ಕೀನ್ ಎಂಬ ವೈದ್ಯನು ಮಂಚವನ್ನು ನಿಲ್ಲಿಸಲೇ ಇಲ್ಲ. ಆತನ ಮಂಚವು ರೋಗಿಯನ್ನು ಒಂದೊಂದು ಬದಿಗೆ ಅರವತ್ತು ಡಿಗ್ರಿಯಷ್ಟು ವಾಲಿಸುತ್ತ ಇಡೀ ದಿನ ನಿಧಾನವಾಗಿ ತೂಗುತ್ತಿತ್ತು. ಹೀಗೆ ತೂಗುವುದರಿಂದ ಶ್ವಾಸಕೋಶದಲ್ಲಿ ಕಫ ಒಂದೆಡೆ ನಿಲ್ಲುವುದೂ ತಪ್ಪುತ್ತದೆಂದು ಆಮೇಲೆ ಕಂಡುಕೊಂಡರು. ಕೊರೋನಾದ ದಿನಗಳಲ್ಲಿ ಉಸಿರಿಗೆ ಕಷ್ಟಪಡುವವರನ್ನು ಬೋರಲು ಮಲಗಿಸುತ್ತಿದ್ದುದನ್ನು ನೀವೆಲ್ಲ ಕೇಳಿದ್ದೀರಿ. ಶ್ವಾಸಕೋಶ ತೀವ್ರವಾಗಿ ಕೆಟ್ಟವರನ್ನು ದಿನಕ್ಕೆ ಹದಿನಾರು ಗಂಟೆಗಳಷ್ಟು ಹಾಗೆ ಮಲಗಿಸಿದರೆ ಸಾವುಗಳು ಅರ್ಧಕ್ಕೆ ಇಳಿದುವೆಂದು 2013ರ ಫ್ರೆಂಚ್ ಸಂಶೋಧನೆಯೊಂದು ತೋರಿಸಿತ್ತು.

ನಮಗೆ ಹತ್ತಿರದ ಪಾಠವು ವೆಲ್ಲೂರಿನದು. ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ 1946ರಲ್ಲಿ ಬಂದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು, ಕುಷ್ಠರೋಗಿಗಳ ಕೈಕಾಲು ಸವೆಯುವುದು ರೋಗವು ಮಾಂಸವನ್ನು ತಿನ್ನುವುದರಿಂದಲ್ಲ, ನೋವು ತಿಳಿಯದ್ದರಿಂದ ಎಂಬುದನ್ನು ತೋರಿಸಿಕೊಟ್ಟರು: ಸ್ವಸ್ಥನು ನೋವಾದೊಡನೆ ಕಾಲಿನ ಭಾರವನ್ನು ಅತ್ತಿತ್ತ ಬದಲಿಸುತ್ತಾನೆ, ಕುಷ್ಠಿಯು ಅದೇ ಜಾಗವನ್ನು ನೆಲಕ್ಕೆ ಅದುಮುತ್ತಲೇ ಮೈಲಿಗಟ್ಟಲೆ ನಡೆಯುತ್ತಾನೆ. ಆತನ ಅಂಗಾಲಿನ ಹುಣ್ಣೂ ಲಕ್ವದವಳ ಬೆನ್ನಿನ ಹುಣ್ಣೂ ಒಂದೇ ಮೂಲದವು. ಅದೇ ವೆಲ್ಲೂರಿನ ತರುಣ ವೈದ್ಯೆ ಮೇರಿ ವರ್ಗೀಸ್ 1954ರ ರಸ್ತೆಯ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನವನ್ನು ಕಳೆದುಕೊಂಡು, ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ತೆರೆದ ಅಲ್ಲಿನ ಪುನರ್ವಸತಿ ಸಂಸ್ಥೆ ಅವರ ಶ್ರಮದ ಫಲ. ಪಾವಗಡದಲ್ಲಿ ಸ್ವಾಮಿ ಜಪಾನಂದರು ನಡೆಸಿಕೊಂಡು ಬಂದಿರುವ ಶ್ರೀ ರಾಮಕೃಷ್ಣ ಸೇವಾಶ್ರಮದಲ್ಲಿ ಕುಷ್ಠರೋಗಿಗಳ ಸೇವೆಯು ಬಹುಕಾಲದಿಂದ ನಡೆದಿದೆ. ನೋವು ತಿಳಿಯದ ಪಾದವನ್ನು ದಿನವೂ ಕಣ್ಣಿಟ್ಟು ನೋಡಿಕೊಳ್ಳುವ ಅಭ್ಯಾಸ ಯಾವ ಊರಿಗಿದೆಯೋ ಆ ಊರಿಗೆ ನೋವು ತಿಳಿಯದ ಬೆನ್ನನ್ನು ನೋಡಿಕೊಳ್ಳುವುದನ್ನು ಹೊಸದಾಗಿ ಕಲಿಸಬೇಕಾದದ್ದೇನೂ ಇಲ್ಲ.

ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಕಾಣಬರುವ ಒಳ್ಳೆಯ ಮಂಚವೆಂದರೆ ಫೌಲರ್ ಮಂಚ: ಕಾಲ ಬದಿಯಲ್ಲಿ ಎರಡು ಹಿಡಿಗಳು, ಒಂದನ್ನು ತಿರುವಿದರೆ ತಲೆ ಏಳುತ್ತದೆ, ಇನ್ನೊಂದನ್ನು ತಿರುವಿದರೆ ಮೊಣಕಾಲು. ಮಗ್ಗುಲಿಗೆ ಅದು ವಾಲುವುದಿಲ್ಲ. ತಲೆಯನ್ನು ಮಾತ್ರ ಎತ್ತಿ ಬಿಟ್ಟರೆ ರೋಗಿಯು ಕೆಳಕ್ಕೆ ಜಾರುತ್ತಾನೆ. ಚರ್ಮವು ಹಾಸಿಗೆಗೆ ಅಂಟಿ ನಿಂತು ಮೂಳೆ ಒಳಗೆ ಸರಿಯುತ್ತದೆ, ನಡುವಿನ ರಕ್ತನಾಳಗಳು ಎಳೆದುಕೊಂಡು ಹರಿಯುತ್ತವೆ. ಆದಕಾರಣ ಮೊದಲು ಮೊಣಕಾಲಿನ ಹಿಡಿ, ಆಮೇಲೆ ತಲೆಯ ಹಿಡಿ. ಊಟ ಮಾಡಿಸಿ ಸ್ವಲ್ಪ ಹೊತ್ತಾದಮೇಲೆ ಮತ್ತೆ ಇಳಿಸಿಬಿಡಬೇಕು. ಅನುಕೂಲಸ್ಥರು ತುಮಕೂರಿನಿಂದ ಗಾಳಿಹಾಸಿಗೆ ತರಿಸುತ್ತಾರೆ. ಅದರ ಅರೆಗಳು ಸರದಿಯ ಮೇಲೆ ಉಬ್ಬುತ್ತ ಇಳಿಯುತ್ತ ಭಾರವನ್ನು ಅಲ್ಲಿಂದಿಲ್ಲಿಗೆ ಸರಿಸುತ್ತವೆ. ಕರೆಂಟು ಹೋದ ರಾತ್ರಿ ಪಂಪು ನಿಲ್ಲುತ್ತದೆ, ಗಾಳಿ ಇಳಿಯುತ್ತದೆ, ರೋಗಿಯು ಬರಿಯ ಹಲಗೆಯ ಮೇಲೆ ಉಳಿಯುತ್ತಾನೆ. ಗಾಳಿಹಾಸಿಗೆ ಇದೆಯಲ್ಲ ಎಂಬ ಧೈರ್ಯದಲ್ಲಿ ಮನೆಯವರು ಮಲಗಿರುತ್ತಾರೆ.

ಆಸ್ಪತ್ರೆಯ ಮಂಚಕ್ಕಿಂತ ಮನೆಯ ಮಂಚದ ಚಿಂತೆಯೇ ದೊಡ್ಡದು, ಏಕೆಂದರೆ ಇಂಥ ರೋಗಿಯು ಆಸ್ಪತ್ರೆಯಲ್ಲಿ ಇರುವುದು ಕೆಲವು ವಾರ, ಮನೆಯಲ್ಲಿ ಇರುವುದು ವರ್ಷಗಟ್ಟಲೆ. ಕೊರಟಗೆರೆಯಿಂದ ತುಮಕೂರು ಹತ್ತಿರವಾದೀತು. ಪಾವಗಡದಿಂದ ನೂರು ಕಿಲೋಮೀಟರಿನಷ್ಟು ದೂರ. ಅಲ್ಲಿನ ಹಳ್ಳಿಯ ಮನೆಯಲ್ಲಿ ಗಂಡಸರು ಶೇಂಗಾ ಹೊಲಕ್ಕೆ ಹೋದಮೇಲೆ ಉಳಿಯತಕ್ಕವಳು ಸೊಸೆಯೊಬ್ಬಳು. ನಡುವಣಕೋಣೆಯಲ್ಲಿ, ನುಲಿಹಗ್ಗ ಜಗ್ಗಿಹೋದ ಹೊರಸಿನ ಕುಳಿಯಲ್ಲಿ, ಅತ್ತೆ ಮಲಗಿದ್ದಾಳೆ. "ಅತ್ತೆ, ಒಸಿ ಆ ಕಡೀಕೆ ಮಗ್ಗುಲಾಗ್ಸ್ತೀನಿ, ನನ್ ಕುತ್ಗೆ ಇಡ್ಕಳಿ" ಎಂದು ಆಕೆ ಬಗ್ಗುತ್ತಾಳೆ. ಅತ್ತೆಯ ತೂಕವು ಆಕೆಯ ತೂಕಕ್ಕಿಂತ ಹೆಚ್ಚು. ಹಗಲಿನಲ್ಲಿ ಹೇಗೋ ನಡೆದೀತು. ರಾತ್ರಿ ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಏಳಬೇಕೆಂದು ಹೇಳಿ ಕಳುಹಿಸಿದ ವೈದ್ಯರು ತಾವು ಹಾಗೆ ಎಷ್ಟು ವರ್ಷ ಎದ್ದಾರು? ಹಾಸಿಗೆ ಹುಣ್ಣು ರೋಗದ ದೋಷವಲ್ಲ, ಶುಶ್ರೂಷೆಯ ದೋಷವೆಂಬ ಅಭಿಪ್ರಾಯವನ್ನು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿಯೇ ವ್ಯಕ್ತಪಡಿಸಿದ್ದಳು. ಆಸ್ಪತ್ರೆಗೆ ಒಪ್ಪುವ ಈ ಮಾತನ್ನು ಇಂಥ ಮನೆಗೆ ತಂದು ಆ ಸೊಸೆಯ ತಲೆಯ ಮೇಲೆ ಹೊರಿಸುವುದನ್ನು ನಾನು ಒಪ್ಪಲಾರೆ. ಅಲ್ಲಿ ಕೊರತೆಯಾಗಿರುವುದು ಪ್ರೀತಿಯೂ ಅಲ್ಲ, ತಿಳಿವೂ ಅಲ್ಲ; ಎರಡನೆಯ ಜೊತೆ ಕೈಗಳು.

ಆಶೆಗೆ ಎಡೆಗೊಡತಕ್ಕ ವಿಷಯವೊಂದಿದೆ. 2013ರಲ್ಲಿ ಪ್ರಕಟವಾದ, ಅಮೆರಿಕ ಮತ್ತು ಕೆನಡಾಗಳ ವೃದ್ಧಾಶ್ರಮಗಳಲ್ಲಿ ಒಂಬೈನೂರಕ್ಕೂ ಮಿಕ್ಕ ಜನರ ಮೇಲೆ ನಡೆದ ಪರೀಕ್ಷೆಯಲ್ಲಿ, ಒಳ್ಳೆಯ ದಟ್ಟ ಸ್ಪಂಜಿನ ಹಾಸಿಗೆಯಿದ್ದಲ್ಲಿ ಎರಡು ಗಂಟೆಗೊಮ್ಮೆ ಹೊರಳಿಸಿದವರಿಗೂ ಮೂರು ಅಥವಾ ನಾಲ್ಕು ಗಂಟೆಗೊಮ್ಮೆ ಹೊರಳಿಸಿದವರಿಗೂ ಹುಣ್ಣಿನ ವಿಷಯದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪೂರ್ತಿಯಾಗಿ ಪಕ್ಕಕ್ಕೆ ತಿರುಗಿಸಬೇಕಾದದ್ದೂ ಇಲ್ಲ. ಮೂವತ್ತು ಡಿಗ್ರಿಯಷ್ಟು ವಾಲಿಸಿದರೆ ಭಾರವು ಬೆನ್ನಿನ ತುದಿಯ ಮೂಳೆಯನ್ನೂ ತೊಡೆಯ ಗುಬ್ಬನ್ನೂ ಬಿಟ್ಟು ನಡುವಣ ಮಾಂಸಲವಾದ ಭಾಗದ ಮೇಲೆ ನಿಲ್ಲುತ್ತದೆ. ಬೂರುಗದ ಹತ್ತಿಯ ಉದ್ದನೆಯ ದಿಂಬೊಂದನ್ನು ಬೆನ್ನಿನ ಹಿಂದೆ ಒತ್ತಿಟ್ಟರೂ ಇಷ್ಟು ಓರೆ ಬರುತ್ತದೆ. ಸ್ಪಂಜಿನ ಹಾಸಿಗೆಯನ್ನೂ, ಇಷ್ಟೇ ಓರೆ ಮಾಡತಕ್ಕ ಮಂಚವನ್ನೂ ಕೂಡಿಸಿದರೆ ಆ ಸೊಸೆಯು ರಾತ್ರಿ ನಾಲ್ಕು ಸಲದ ಬದಲು ಎರಡು ಸಲ ಎದ್ದರೆ ಸಾಕಾದೀತು.

ಇಂಥ ಮಂಚಕ್ಕೆ ವಿದ್ಯುತ್ತೂ ಬೇಡ, ವಿದೇಶವೂ ಬೇಡ. ಉದ್ದಕ್ಕೆ ಮೂರು ಹಲಗೆ; ನಡುವಿನದು ಸ್ಥಿರ, ಎರಡು ಪಕ್ಕದವು ಕೀಲುಗಳ ಮೇಲೆ ಏಳತಕ್ಕವು; ಏಳಿಸುವುದಕ್ಕೆ ಫೌಲರ್ ಮಂಚದಲ್ಲಿರುವಂಥದೇ ತಿರುಪಿನ ಕಂಬಿ. ತಿರುಪಿನ ಗುಣವೇನೆಂದರೆ ಕೈ ಬಿಟ್ಟರೂ ಅದು ಹಿಂದಕ್ಕೆ ಜಾರುವುದಿಲ್ಲ, ದುರ್ಬಲಳಾದವಳೂ ಅದರಿಂದ ದೊಡ್ಡ ಭಾರವನ್ನು ಎತ್ತಬಹುದು. ಶಿರಾದಲ್ಲಿಯೂ ಮಧುಗಿರಿಯಲ್ಲಿಯೂ ಟ್ರ್ಯಾಕ್ಟರಿನ ನೇಗಿಲನ್ನೂ ಟ್ರೈಲರನ್ನೂ ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿಯವರಿಗೆ ಇದು ಅಸಾಧ್ಯವಾದ ಕೆಲಸವಲ್ಲ. ಆಸ್ಪತ್ರೆಗಳಿಗೆ ಯಂತ್ರಗಳನ್ನು ದಾನಮಾಡಿ ಅಮೃತಶಿಲೆಯಲ್ಲಿ ಹೆಸರು ಕೆತ್ತಿಸುವ ಮಹನೀಯರು ಇಂಥ ಕೆಲವು ಮಂಚಗಳನ್ನು ಮಾಡಿಸಿ ತಾಲ್ಲೂಕು ಆಸ್ಪತ್ರೆಗೆ ಒಪ್ಪಿಸಿದರೆ, ಬಿಡುಗಡೆಯಾಗಿ ಹೋಗುವ ರೋಗಿಯ ಸಂಗಡ ಮಂಚವೂ ಮನೆಗೆ ಹೋಗಿ, ಅಗತ್ಯ ತೀರಿದಮೇಲೆ ಮತ್ತೊಬ್ಬರ ಮನೆಗೆ ನಡೆಯಬಹುದು. ಕೊಟ್ಟದ್ದು ಯಾರಿಗೆ, ಬಂದದ್ದು ಯಾವಾಗ ಎಂಬುದನ್ನು ಆಶಾ ಕಾರ್ಯಕರ್ತೆಯರು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲು ಕಷ್ಟವೇನೂ ಇಲ್ಲ. ಮಂಚವು ಹಿಮ್ಮಡಿಯನ್ನು ಕಾಯಲಾರದು. ಅದಕ್ಕೆ ಮೀನಖಂಡದ ಕೆಳಗೆ ಮಡಿಸಿದ ಕಂಬಳಿಯಿಟ್ಟು ಹಿಮ್ಮಡಿ ಗಾಳಿಯಲ್ಲಿ ನಿಲ್ಲುವಂತೆ ಮಾಡಬೇಕು. ಒದ್ದೆಯನ್ನೂ ಮಂಚ ಕಾಣಲಾರದು. ಪ್ರತಿಸಲ ವಾಲಿಸಿದಾಗಲೂ ಬೆನ್ನಿನ ಕೆಳಗೆ ಒಮ್ಮೆ ಅಂಗೈ ಆಡಿಸಿ ನೋಡಬೇಕು.

ಅಂಗಡಿಯವರು ಮಾಡಲು ಒಪ್ಪಿದರೆ ಅವರಿಗೆ ಎರಡು ವಿಷಯಗಳನ್ನು ಮುಂಚಿತವಾಗಿ ತಿಳಿಸತಕ್ಕದ್ದು. ಮಂಚವು ನಿಂತವಳ ಸೊಂಟದ ಎತ್ತರಕ್ಕಿರಲಿ, ಆಕೆ ಬಗ್ಗುವಂತಾಗಬಾರದು. ನಮ್ಮ ಮನೆಗಳಲ್ಲಿ ರೋಗಿಯ ಮಂಚವನ್ನು ಯಾವಾಗಲೂ ಗೋಡೆಗೆ ಒತ್ತಿಯೇ ಹಾಕುವುದರಿಂದ, ಎರಡು ಹಲಗೆಗಳನ್ನೂ ಏಳಿಸುವ ಹಿಡಿಗಳು ಪಕ್ಕದಲ್ಲಿರದೆ ಕಾಲ ಬದಿಯಲ್ಲಿಯೇ ಇರಲಿ, ಕತ್ತಲೆಯಲ್ಲಿ ತಡಕಿದರೂ ಎಡದ್ದು ಯಾವುದು ಬಲದ್ದು ಯಾವುದೆಂದು ಕೈಗೆ ತಿಳಿಯುವಂತೆ ಒಂದಕ್ಕೆ ಹಗ್ಗ ಸುತ್ತಿರಲಿ.